ಎಡಗಣ್ಣಿನ ಯಜಮಾನಿಕೆ

ನನ್ನ ನೋಟ್‌ಬುಕ್ಕಿನಂಗಡಿಗೂ ನನ್ನ ಗೆಳೆಯನ ಕಟಿಂಗ್ ಶಾಪಿಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಕತ್ತರಿ ಆಡುವ ಸದ್ದು ಈ ಕಡೆ ಕೇಳುತ್ತದೆ. ಸದ್ದು ಸರಸರ ಸಾಗುತ್ತಿದ್ದರೆ ಗಿರಾಕಿ ಸುಮ್ಮನೆ ಕೂತಿದ್ದಾನೆ ಎಂದರ್ಥ. ನಿಂತು ನಿಂತು ಸಾಗುತ್ತಿದ್ದರೆ ನಮ್ಮವನು ಕೋವಿಯಿಂದ ಗುಂಡು ಹೊಡೆಯುವ ವಿಷಯ ತೆಗೆದಿದ್ದಾನೆ, ಮಾತಿಗೆ ಎರಡೂ ಕೈ ಬೇಕಾಗಿವೆ ಎಂದರ್ಥ. ನಾವಿಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನವರು. ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರು ಅವನಿಗಿದೆ. ಆದರೆ ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ‘ಹದಿನಾಲ್ಕು’ ಎಂದೇ. ಹೊಸಬರು ಅದು ಅಂಗಡಿಯ ನಂಬರು ಎಂದುಕೊಳ್ಳುತ್ತಾರೆ.

ಊರ ಹೊರಗೆ ಕೆಲಸ ನಿಂತುಹೋದ ಒಂದು ಕಲ್ಲುಗಣಿ ಇದೆ. ಭಾನುವಾರ ಬೆಳಿಗ್ಗೆ ಅಲ್ಲಿ ಕೋವಿ ಕ್ಲಬ್ಬಿನವರು ಸೇರುತ್ತಾರೆ. ನೆಲದ ಮಟ್ಟಕ್ಕಿಂತ ತಗ್ಗಿನಲ್ಲಿ ಪುಟ್ಟ ಗೂಡೊಂದಿದೆ, ಅದರೊಳಗೆ ಒಂದು ಯಂತ್ರ. ಕೋವಿಯನ್ನು ಭುಜಕ್ಕೇರಿಸಿ ನಿಂತವನು “ಬಿಡಿ!” ಎಂದು ಕೂಗಿದರೆ ಯಂತ್ರ ಅಂಗೈಯಗಲದ ಕಿತ್ತಳೆ ಬಣ್ಣದ ಬಿಲ್ಲೆಯೊಂದನ್ನು ಎಸೆಯುತ್ತದೆ. ಅದು ಎಡಕ್ಕೋ ಬಲಕ್ಕೋ ನೇರಕ್ಕೋ, ಯಾವ ಕಡೆ ಹಾರುತ್ತದೆಂದು ಮೊದಲೇ ಹೇಳಲಾಗದು. ಕ್ಲಬ್ಬಿನವರು ಅದನ್ನು ‘ಹಕ್ಕಿ’ ಎನ್ನುತ್ತಾರೆ. ಒಂದು ಉಸಿರು ಎಳೆದುಕೊಳ್ಳುವುದರೊಳಗೆ ಹಕ್ಕಿ ದೂರವಾಗಿರುತ್ತದೆ. ತೋಟಾದಿಂದ ಸಿಡಿದ ಚರೆಯ ಕಾಳು ತಗುಲಿದರೆ ಪುಡಿ, ತಪ್ಪಿದರೆ ಹುಲ್ಲಿನಲ್ಲಿ ಮೆಲ್ಲಗೆ ಇಳಿದು ಕೂರುತ್ತದೆ, ಏನೂ ಆಗಿಲ್ಲವೆಂಬಂತೆ. ಒಬ್ಬೊಬ್ಬರಿಗೆ ಇಪ್ಪತ್ತೈದು ಹಕ್ಕಿ. ನಮ್ಮವನು ಹನ್ನೊಂದು ವರ್ಷ ಅದರಲ್ಲಿ ಹದಿನಾಲ್ಕು ಒಡೆಯುತ್ತಾ ಬಂದ. ಕೆಲವು ವಾರ ಹನ್ನೆರಡು, ಒಮ್ಮೆ ಯಾವಾಗಲೋ ಹದಿನಾರು. ಆದರೆ ಮಳೆಗಾಲ ಬೇಸಿಗೆ ಎನ್ನದೆ ಅವನು ಮರಳಿ ಬಂದು ನಿಲ್ಲುತ್ತಿದ್ದದ್ದು ಹದಿನಾಲ್ಕಕ್ಕೇ.

ಅವನಿಗೆ ಕೋವಿ ಹಿಡಿಯಲು ಕಲಿಸಿದವರು ಅವನ ಅಣ್ಣ. ಏಳು ವರ್ಷ ದೊಡ್ಡವರು. ಎರಡು ಬೀದಿ ಆಚೆ ಬೀಗ ರಿಪೇರಿ ಅಂಗಡಿ. ಕಳೆದುಹೋದ ಕೀಲಿಕೈಯ ನೆನಪಿನ ಮೇಲೇ ಹೊಸದನ್ನು ಉಜ್ಜಿ ಕೊಡಬಲ್ಲ ಕೈ ಅವರದು. ಕ್ಲಬ್ಬಿನಲ್ಲಿ ಇಪ್ಪತ್ತೆರಡು, ಇಪ್ಪತ್ಮೂರಕ್ಕೆ ಕಡಿಮೆ ಅವರು ಹೊಡೆದದ್ದು ಅಪರೂಪ. ತಮ್ಮನಿಗೆ ಅವರು ಹೇಳಿಕೊಟ್ಟದ್ದು ಮೂರೇ ಪಾಠ. ನಳಿಗೆಯ ತುದಿಯ ಮಣಿಯನ್ನು ನೋಡಬೇಡ, ಹಕ್ಕಿಯನ್ನೇ ನೋಡು. ಕೆನ್ನೆ ಕೋವಿಯ ಹಿಂಬದಿಯ ಮರಕ್ಕೆ ಅಂಟಿರಲಿ. ಟ್ರಿಗರ್ ಒತ್ತಿದ ಮೇಲೂ ಕೈ ನಿಲ್ಲಬಾರದು, ಹಕ್ಕಿಯ ಜೊತೆ ಸಾಗುತ್ತಲೇ ಇರಬೇಕು. ತಮ್ಮ ಮೂರನ್ನೂ ಶ್ರದ್ಧೆಯಿಂದ ಪಾಲಿಸಿದ. ಆದರೂ ಹದಿನಾಲ್ಕು.

“ತಲೆ ಎತ್ತುತ್ತೀಯ ನೀನು,” ಎನ್ನುತ್ತಿದ್ದರು ಅಣ್ಣ. “ಹೊಡೆಯೋ ಹೊತ್ತಿಗೆ ಸರಿಯಾಗಿ ತಲೆ ಎತ್ತುತ್ತೀಯ. ಎಷ್ಟು ಸಲ ಹೇಳಬೇಕು?”

“ಎತ್ತಲ್ಲ ಅಣ್ಣ.”

“ಎತ್ತುತ್ತೀಯ ಕಣೋ. ನನ್ನ ಕಣ್ಣಿಗೆ ಕಾಣುತ್ತೆ.”

ಇದು ಹನ್ನೊಂದು ವರ್ಷದ ಸಂಭಾಷಣೆ. ನಮ್ಮವನು ಬೇಜಾರಿನ ಮನುಷ್ಯನಲ್ಲ. ಮನೆಗೆ ಹೋಗಿ ಸ್ನಾನ ಮಾಡಿ, ಮಧ್ಯಾಹ್ನ ಗಡದ್ದಾಗಿ ನಿದ್ದೆ ತೆಗೆದರೆ ಅವನ ಭಾನುವಾರ ಸಂಪೂರ್ಣ. “ಹನ್ನೊಂದು ಹಕ್ಕಿಗೆ ಜೀವದಾನ ಮಾಡಿದೆ,” ಎಂದು ಸೋಮವಾರ ಗಿರಾಕಿಗಳ ಮುಂದೆ ತಾನೇ ನಗೆಯಾಡುತ್ತಿದ್ದ. ಆದರೆ ನಾನು ಪಕ್ಕದಂಗಡಿಯವನು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಕನ್ನಡಿಯ ಮುಂದೆ ನಿಂತು, ಇಲ್ಲದ ಕೋವಿಯೊಂದನ್ನು ಭುಜಕ್ಕೇರಿಸಿ, ತಲೆ ಎತ್ತುತ್ತಿದ್ದೇನೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ನೋಡಿಕೊಳ್ಳುವುದನ್ನು ಕಂಡಿದ್ದೇನೆ.

ಅವನಿಗೆ ಐವತ್ತೊಂದು ತುಂಬಿದ ವರ್ಷ ಒಂದು ಭಾನುವಾರ ಬರೀ ಒಂಬತ್ತಾಯಿತು. ಅಣ್ಣ ಎಲ್ಲರ ಎದುರಿಗೇ ಸಿಡುಕಿದರು. “ಬಿಟ್ಟುಬಿಡು. ತೋಟಾ ದಂಡ, ನನ್ನ ಗಂಟಲೂ ದಂಡ.” ಅವನು ಕೋವಿಯ ನಳಿಗೆ ಬಾಗಿಸಿ ತೋಟಾದ ಖಾಲಿ ಕೊಳವೆಗಳನ್ನು ಹೊರಗೆಳೆದ. ಆ ದಿನ ಮಧ್ಯಾಹ್ನ ಅವನಿಗೆ ನಿದ್ದೆ ಬರಲಿಲ್ಲವಂತೆ.

ಸಂಜೆ ಚಹಾದ ಹೊತ್ತಿಗೆ ಮಗಳು ಕೇಳಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. “ಏನಪ್ಪಾ, ಮುಖ ಯಾಕೆ ಸಪ್ಪಗಿದೆ?”

“ಒಂಬತ್ತು,” ಎಂದ ಅವನು.

“ತಪ್ಪಿದಾಗ ಗುಂಡು ಯಾವ ಕಡೆ ಹೋಗುತ್ತೆ?”

“ಅದು ಗೊತ್ತಾಗಿದ್ರೆ ಯಾಕೆ ತಪ್ಪುತ್ತಿತ್ತು?”

“ಸರಿ, ಯಾವ ಹಕ್ಕಿ ತಪ್ಪುತ್ತೆ? ಎಡಕ್ಕೆ ಹಾರಿದ್ದೋ ಬಲಕ್ಕೆ ಹಾರಿದ್ದೋ?”

ಅವನು ಲೋಟ ಕೆಳಗಿಟ್ಟು ಯೋಚಿಸಿದ. “ಬಲಕ್ಕೆ. ಬಲಕ್ಕೆ ಹಾರಿದ್ದು ನಂಗೆ ಬಗ್ಗೋದೇ ಇಲ್ಲ.”

ಮಗಳು ಎದ್ದು ಹೋಗಿ ಹಳೆಯ ಕ್ಯಾಲೆಂಡರಿನ ರಟ್ಟು ತಂದಳು, ನಡುವೆ ಒಂದು ತೂತು ಕೊರೆದಳು. “ಎರಡೂ ಕೈ ಪೂರ್ತಿ ಚಾಚಿ ಹಿಡ್ಕೋ. ಎರಡೂ ಕಣ್ಣು ತೆರೆದಿರಲಿ. ತೂತಿನೊಳಗೆ ಗೋಡೆ ಗಡಿಯಾರ ಕಾಣೋ ಹಾಗೆ ಮಾಡ್ಕೋ. ಕಂಡಿತಾ? ಈಗ ಎಡಗಣ್ಣು ಮುಚ್ಚು.”

“ಗಡಿಯಾರ ಹೋಯ್ತು!”

“ಎಡಗಣ್ಣು ತೆಗೆ, ಬಲಗಣ್ಣು ಮುಚ್ಚು.”

“ಬಂತು.”

ಅವಳು ಮೂರು ಸಲ ಮಾಡಿಸಿದಳು. ಮೂರು ಸಲವೂ ಹಾಗೇ. “ಅಪ್ಪಾ, ಎರಡು ಕಣ್ಣಲ್ಲಿ ಒಂದು ಯಜಮಾನ ಇರುತ್ತೆ. ಗುರಿ ಕಟ್ಟೋದು ಅದೇ. ಬಲಗೈಯವರಿಗೆ ಸಾಮಾನ್ಯವಾಗಿ ಬಲಗಣ್ಣು ಯಜಮಾನ. ನಿಂದು ಎಡಗಣ್ಣು. ಕೋವಿ ಬಲಭುಜದ ಮೇಲಿದೆ, ನೋಡ್ತಿರೋದು ಎಡಗಣ್ಣು. ಗುಂಡು ಎಡಕ್ಕೆ ಹೋಗುತ್ತೆ. ಎಡಕ್ಕೆ ಹಾರೋ ಹಕ್ಕಿ ತಾನಾಗೇ ಬಂದು ಅದಕ್ಕೆ ಸಿಕ್ಕಿಕೊಳ್ಳುತ್ತೆ, ಬಲಕ್ಕೆ ಹಾರೋದು ತಪ್ಪಿಸ್ಕೊಳ್ಳುತ್ತೆ.”

ಒಲೆಯ ಕಡೆಯಿಂದ ಹೆಂಡತಿ ಹೇಳಿದಳು: “ಈ ಮನೇಲಿ ಯಜಮಾನ ಯಾರು ಅಂತ ಇಪ್ಪತ್ತಾರು ವರ್ಷದಿಂದ ಹುಡುಕ್ತಿದ್ದೆ. ಸದ್ಯ, ಎಡಗಣ್ಣಾದ್ರೂ ಸಿಕ್ತಲ್ಲ.”

ಮರುದಿನ ನಾನು ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಅವನು ರಟ್ಟು ಹಿಡಿದು ನಿಂತಿದ್ದ. ನನ್ನ ಕಣ್ಣನ್ನೂ ಪರೀಕ್ಷಿಸಿದ. ಆ ದಿನ ಅವನ ಅಂಗಡಿಗೆ ಬಂದ ಯಾವ ಗಿರಾಕಿಯೂ ತನ್ನ ಯಜಮಾನ ಕಣ್ಣು ಯಾವುದೆಂದು ತಿಳಿಯದೆ ಕುರ್ಚಿ ಬಿಟ್ಟು ಏಳಲಿಲ್ಲ.

ಕ್ಲಬ್ಬಿನಲ್ಲಿ ಅಂಕ ಬರೆಯುವವರು ನಮ್ಮ ಡ್ರಿಲ್ ಟೀಚರ್. ನನಗೂ ಅವನಿಗೂ ಶಾಲೆಯಲ್ಲಿ ಕವಾಯತು ಕಲಿಸಿದವರು. ಈಗ ವಯಸ್ಸು ಎಪ್ಪತ್ತು ದಾಟಿದೆ, ಆದರೂ ಅವರ ಎದುರು ಯಾರೂ ಗೂನು ಬೆನ್ನು ಮಾಡಿ ನಿಲ್ಲುವುದಿಲ್ಲ. ಮುಂದಿನ ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಅವನು ವಿಷಯ ಹೇಳಿದಾಗ ಅವರು ಅವನಿಂದ ಹತ್ತು ಹೆಜ್ಜೆ ದೂರ ನಿಂತು, “ಎರಡೂ ಕಣ್ಣು ಬಿಟ್ಟು ನನ್ನ ಮೂಗಿಗೆ ಬೆರಳು ತೋರಿಸು,” ಎಂದರು. ಅವನು ತೋರಿಸಿದ. ಎದುರಿನಿಂದ ನೋಡುತ್ತಿದ್ದ ನನಗೂ ಕಂಡಿತು: ಬೆರಳು ನೇರವಾಗಿ ಅವನ ಎಡಗಣ್ಣಿನ ಮುಂದೆ ನಿಂತಿತ್ತು. ಟೀಚರ್ ತಮ್ಮ ಅಂಕದ ಪುಸ್ತಕ ಬಿಡಿಸಿದರು. ತಪ್ಪಿದ ಹಕ್ಕಿಯ ಪಕ್ಕದಲ್ಲಿ ಅದು ಹಾರಿದ ದಿಕ್ಕನ್ನು ಎ, ನೇ, ಬ ಎಂದು ಬರೆಯುವುದು ಅವರ ರೂಢಿ. ಅವನ ಸಾಲಿನಲ್ಲಿ ಪುಟ ಪುಟವೂ ಬ, ಬ, ಬ.

“ನನ್ನ ಕೈಯಿಂದಾನೇ ಬರೆದಿದ್ದೀನಿ,” ಎಂದರು ಟೀಚರ್, ತಮ್ಮ ಮೇಲೇ ಸಿಟ್ಟಾದವರಂತೆ. “ಒಂದು ಸಲ ಓದಿ ನೋಡಿಲ್ಲ.”

ಅಣ್ಣ ಅಲ್ಲೇ ನಿಂತಿದ್ದರು. “ಇವೆಲ್ಲ ನೆಪ ಟೀಚರ್. ಇವನು ತಲೆ ಎತ್ತೋದು ಬಿಟ್ಟರೆ ಎಲ್ಲಾ ಸರಿಹೋಗುತ್ತೆ.”

ಟೀಚರ್ ಅವನು ಗುಂಡು ಹೊಡೆಯುವಾಗ ಹಾಕುವ ಕನ್ನಡಕದ ಎಡಗಾಜಿಗೆ ಒಂದು ಚೂರು ಟೇಪು ಅಂಟಿಸಿದರು. ಆ ದಿನ ಹದಿನೇಳು ಬಿತ್ತು. ಆದರೆ ಮೂರು ವಾರ ಕಳೆಯುವುದರೊಳಗೆ ಟೇಪು ಬೇಡವೆನಿಸಿತು. ಒಂದೇ ಕಣ್ಣಿಗೆ ಹಕ್ಕಿ ಎಷ್ಟು ದೂರದಲ್ಲಿದೆ ಎಂಬ ಅಂದಾಜು ಸಿಗುತ್ತಿರಲಿಲ್ಲ, ಹಣೆ ನೋಯುತ್ತಿತ್ತು, ಕಣ್ಣಲ್ಲಿ ನೀರು. ಆಗ ಟೀಚರ್ ಎರಡನೆಯ ದಾರಿ ಹೇಳಿದರು.

“ಕಣ್ಣು ಬದಲಾಯಿಸೋಕಾಗಲ್ಲ. ಭುಜ ಬದಲಾಯಿಸು.”

“ಎಡಭುಜಕ್ಕಾ? ಈ ವಯಸ್ಸಲ್ಲಾ?”

“ಯಾಕೆ, ಎಡಭುಜ ಮನೇಲಿ ಬಿಟ್ಟು ಬಂದಿದ್ದೀಯಾ?”

ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. “ಐವತ್ತೊಂದಕ್ಕೆ ಕೈ ಬದಲಾಯಿಸ್ತಾನಂತೆ,” ಎಂದಷ್ಟೇ ಹೇಳಿ, ತಮ್ಮ ಸರದಿಗೂ ಕಾಯದೆ ಸ್ಕೂಟರ್ ಏರಿ ಹೋದರು.

ಹಾಗೆ ನಮ್ಮವನು ಒಂದನೇ ತರಗತಿಯಿಂದ ಶುರುಮಾಡಿದ. ಬಲಗೈಯವರಿಗಾಗಿ ಮಾಡಿದ ಕೋವಿಯ ಮರ ಒಂದು ಚೂರು ಹೊರಕ್ಕೆ ಬಾಗಿರುತ್ತದಂತೆ, ಎಡಗೆನ್ನೆಗೆ ಅದು ಕೂರುವುದಿಲ್ಲ. ಟೀಚರ್ ಕ್ಲಬ್ಬಿನ ಬೀರುವಿನಿಂದ ನೇರ ಮರದ ಹಳೆಯ ಕೋವಿಯೊಂದನ್ನು ಹುಡುಕಿ ತೆಗೆದರು. ಅದು ಭಾನುವಾರಕ್ಕೆ. ಉಳಿದ ದಿನಗಳಿಗೆ ಕಸಪೊರಕೆ. ಬೆಳಿಗ್ಗೆ ಅಂಗಡಿ ಗುಡಿಸಿದ ಮೇಲೆ ಕನ್ನಡಿಯ ಮುಂದೆ ನಿಂತು ಪೊರಕೆಯ ಕೋಲನ್ನು ಎಡಭುಜಕ್ಕೆ ಐವತ್ತು ಸಲ ಏರಿಸುತ್ತಿದ್ದ. ಕಣ್ಣು ಮುಚ್ಚಿ ಏರಿಸಿ, ಆಮೇಲೆ ಕಣ್ಣು ತೆರೆದು ಕೋಲಿನ ತುದಿ ಎಲ್ಲಿಗೆ ನೋಡುತ್ತಿದೆ ಎಂದು ಪರೀಕ್ಷೆ. ನಂತರ ಗೋಡೆ ಮತ್ತು ಚಾವಣಿ ಸೇರುವ ಗೆರೆಯ ಉದ್ದಕ್ಕೂ ಕೋಲಿನ ತುದಿಯನ್ನು ಅಲುಗದಂತೆ ಒಯ್ಯುವುದು, ಈ ಮೂಲೆಯಿಂದ ಆ ಮೂಲೆಗೆ.

“ಕನ್ನಡಿಯೊಳಗಿನವನು ಬಲಗೈಯವನೇ ಕಣೋ,” ಎಂದ ನನಗೊಮ್ಮೆ. “ಅವನನ್ನ ನೋಡಿಕೊಂಡು ಮಾಡಿದ್ರೆ ಸುಲಭ.”

ಎಡಗೈ ಪಳಗಲೆಂದು ಹಲ್ಲುಜ್ಜುವುದು, ಚಹಾ ಕಲಕುವುದು, ಬೀಗ ತೆಗೆಯುವುದು ಎಲ್ಲವೂ ಎಡಗೈಯಲ್ಲೇ. ಒಂದು ದಿನ ನನ್ನ ಕೆನ್ನೆಗೆ ಸೋಪಿನ ನೊರೆಯನ್ನೂ ಎಡಗೈಯಲ್ಲೇ ಹಚ್ಚತೊಡಗಿದ. ಮೂಗಿನ ಹೊಳ್ಳೆಯೊಳಗೂ ನೊರೆ ಹೋಯಿತು.

“ಕತ್ತಿ ಯಾವ ಕೈಯಲ್ಲಿ?” ಎಂದು ಕೇಳಿದೆ.

“ಹೆದರಬೇಡ, ಬಲಗೈಲೇ.”

“ಹಾಗಾದ್ರೆ ಕೂತಿರ್ತೀನಿ.”

ಎಡಭುಜದಿಂದ ಹೊಡೆದ ಮೊದಲ ಭಾನುವಾರ ಇಪ್ಪತ್ತೈದಕ್ಕೆ ಮೂರು. ಹೆಸರು ಬದಲಾಯಿಸಬೇಕೇ ಎಂದು ಕ್ಲಬ್ಬಿನಲ್ಲಿ ಗಂಭೀರವಾಗಿ ಚರ್ಚೆಯಾಯಿತು, ‘ಮೂರು’ ಎಂದು ಕರೆಯಲು ಯಾರಿಗೂ ಮನಸ್ಸು ಬರಲಿಲ್ಲ. ಟೀಚರ್ ಅವನನ್ನು ನಟ್ಟನಡುವೆ ನಿಲ್ಲಿಸಿ, ಯಂತ್ರ ಅತ್ತಿತ್ತ ತಿರುಗದಂತೆ ಮಾಡಿ, ನೇರಕ್ಕೆ ಹಾರುವ ಹಕ್ಕಿಗಳನ್ನಷ್ಟೇ ಬಿಡಿಸಿದರು. ಒಂದು ಸಲಕ್ಕೆ ಐದೇ. ಅವು ಪಳಗಿದ ಮೇಲೆ ಸ್ವಲ್ಪ ಎಡಕ್ಕೆ, ಆಮೇಲೆ ಸ್ವಲ್ಪ ಬಲಕ್ಕೆ. ಗಾಬರಿಯಾದಾಗಲೆಲ್ಲ ಅವನ ನೋಟ ನಳಿಗೆಯ ತುದಿಗೆ ಇಳಿಯುತ್ತಿತ್ತು. “ಕೂದಲು ಬಿಟ್ಟು ಕತ್ತರಿ ನೋಡ್ಕೊಂಡು ಯಾರಾದ್ರೂ ಕಟಿಂಗ್ ಮಾಡ್ತಾರೇನಪ್ಪಾ?” ಎಂದರು ಟೀಚರ್. ಆ ಮಾತು ಅವನಿಗೆ ನಾಟಿತು. ಐದು, ಮತ್ತೆ ಐದು, ಎಂಟು, ಹನ್ನೊಂದು ಎಂದು ನಿಧಾನವಾಗಿ ಏರಿತು.

ಅಂಕ ಏರುತ್ತಿದ್ದ ಹಾಗೇ ಅಣ್ಣನ ತಲೆಗೂದಲೂ ಬೆಳೆಯುತ್ತಿತ್ತು. ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ತಮ್ಮನ ಕುರ್ಚಿಯಲ್ಲಿ ಕೂರುವ ಮೊದಲ ಗಿರಾಕಿ ಅಣ್ಣನೇ, ಅದು ಅಂಗಡಿ ತೆರೆದಂದಿನಿಂದ ನಡೆದುಬಂದದ್ದು. ಒಂದು ಸೋಮವಾರ ಬರಲಿಲ್ಲ. ಎರಡನೆಯ ತಿಂಗಳೂ ಬರಲಿಲ್ಲ, ಐದನೆಯ ತಿಂಗಳೂ ಬರಲಿಲ್ಲ. ಬೇರೆ ಕಟಿಂಗ್ ಶಾಪಿಗೆ ಹೋಗಲು ಮನಸ್ಸಿಲ್ಲ, ಇಲ್ಲಿಗೆ ಬರಲು ಬಿಗುಮಾನ. ಭಾನುವಾರ ಕಲ್ಲುಗಣಿಗೆ ಬಂದರೂ ಬೇರೆ ತಂಡದಲ್ಲಿ ಹೊಡೆದು, ತಮ್ಮನ ಕಡೆ ತಿರುಗಿಯೂ ನೋಡದೆ ಹೋಗುತ್ತಿದ್ದರು. ಕೂದಲು ಕಿವಿ ಮುಚ್ಚಿತು, ಕಾಲರಿನ ಮೇಲೆ ಬಿತ್ತು. ಇಬ್ಬರ ನಡುವೆ ಮಾತು ನಿಂತು ಎಷ್ಟು ದಿನವಾಯಿತೆಂದು ಊರಿನವರೆಲ್ಲ ಅಣ್ಣನ ತಲೆ ನೋಡಿ ಹೇಳುವಂತಾಯಿತು.

ಅತ್ತಿಗೆ ಫೋನ್ ಮಾಡಿದರು. “ಬಂದು ನಿಮ್ಮಣ್ಣನ ತಲೆ ಒಂದು ಸಲ ನೋಡಪ್ಪಾ. ನಿನ್ನೆ ಹಿಂದಿನಿಂದ ನೋಡಿ ಯಾರೋ ‘ಅಮ್ಮಾ’ ಅಂತ ಕರೆದ್ರಂತೆ.”

“ಅಂಗಡಿ ತೆರೆದೇ ಇದೆ ಅತ್ತಿಗೆ. ಬರ್ಲಿ.”

ಇವನಿಗೂ ಸ್ವಲ್ಪ ಬಿಗುಮಾನ ಇತ್ತೆನ್ನಿ.

ಒಂದು ಗುರುವಾರ ಮಧ್ಯಾಹ್ನ ಮೂರರ ಸುಮಾರಿಗೆ, ಬಿಸಿಲಿಗೆ ಬೀದಿ ಖಾಲಿಯಿದ್ದಾಗ, ಅಣ್ಣ ಬಂದರು. ನಾನು ನನ್ನ ಅಂಗಡಿಯಲ್ಲಿ ಪೆನ್ಸಿಲ್ ಡಬ್ಬಿ ಜೋಡಿಸುತ್ತಿದ್ದೆ. ಗೋಡೆಯ ಆಚೆಯ ಮಾತು ಕದ್ದು ಕೇಳಬೇಕೆಂದೇನೂ ಇರಲಿಲ್ಲ, ಆದರೆ ಡಬ್ಬಿಗಳನ್ನು ಸದ್ದಿಲ್ಲದೆ ಜೋಡಿಸಿದೆ.

ಕುರ್ಚಿ ಕಿರುಗುಟ್ಟಿತು. ಬಟ್ಟೆ ಕೊಡವಿದ ಸದ್ದು. ನೀರು ಚಿಮುಕಿಸಿದ ಸದ್ದು. ಬಹಳ ಹೊತ್ತು ಬರೀ ಕತ್ತರಿ.

“ಎಷ್ಟಾಯ್ತು ಕಳೆದ ವಾರ?” ಅಣ್ಣನ ದನಿ.

“ಹನ್ನೊಂದು.”

ಮತ್ತೆ ಕತ್ತರಿ. ಆಮೇಲೆ ಅಣ್ಣ ಗಂಟಲು ಸರಿಮಾಡಿಕೊಂಡರು.

“ಮೊದಲನೇ ದಿನ ನಿನ್ನ ಕೈಗೆ ಕೋವಿ ಕೊಟ್ಟಾಗ ನೀನು ಅದನ್ನ ಎಡಭುಜಕ್ಕೆ ಇಟ್ಕೊಂಡೆ. ನೆನಪಿದೆಯಾ?”

“ಇಲ್ಲ ಅಣ್ಣ.”

“ನಂಗಿದೆ. ‘ಹಾಗಲ್ಲ ಕಣೋ ದಡ್ಡಾ’ ಅಂತ ಬೈದು, ಕಿತ್ತು, ಬಲಭುಜಕ್ಕೆ ಇಟ್ಟೋನು ನಾನೇ. ಟೀಚರ್ ಆವತ್ತು ನಿನ್ನ ಕೈಲಿ ಬೆರಳು ತೋರಿಸಿದ್ರಲ್ಲ, ತಕ್ಷಣ ನೆನಪಾಯ್ತು.”

ಕತ್ತರಿ ನಿಂತಿತು.

“ಹನ್ನೊಂದು ವರ್ಷ,” ಎಂದರು ಅಣ್ಣ. “ನಾನು ಸುಮ್ಮನಿದ್ದಿದ್ರೆ ನಿಂಗೆ ಹನ್ನೊಂದು ವರ್ಷ ಉಳೀತಿತ್ತು. ಯಾವ ಮುಖ ಇಟ್ಕೊಂಡು ಈ ಕುರ್ಚೀಲಿ ಬಂದು ಕೂರೋದು ಅಂತ...”

“ಅಣ್ಣ, ತಲೆ ಅಲ್ಲಾಡಿಸಬೇಡ. ಕಿವಿ ಹತ್ರ ಇದ್ದೀನಿ.” ಸ್ವಲ್ಪ ಬಿಟ್ಟು ಅವನೇ ಮುಂದುವರಿಸಿದ. “ನೀನು ಹೇಳಿದ್ದು ಸುಳ್ಳೇನಲ್ಲ. ನಾನು ತಲೆ ಎತ್ತುತ್ತಾನೇ ಇದ್ದೆ. ಟೀಚರ್ ಹೇಳಿದ್ರು, ಎಡಗಣ್ಣು ಮಣಿ ಹುಡುಕ್ಕೊಂಡು ಹೋಗೋವಾಗ ಕೆನ್ನೆ ಮರ ಬಿಟ್ಟು ಏಳುತ್ತಂತೆ. ನೀನು ಕಂಡಿದ್ದು ನಿಜಾನೇ. ಯಾಕೆ ಅನ್ನೋದು ನಮ್ಮಿಬ್ರಿಗೂ ಗೊತ್ತಿರ್ಲಿಲ್ಲ, ಅಷ್ಟೇ.”

“ಹಂಗಾದ್ರೆ ಎತ್ತುತ್ತಿದ್ದೆ!”

“ಎತ್ತುತ್ತಿದ್ದೆ.”

“ನಾನು ಹೇಳಿರ್ಲಿಲ್ವಾ!” ಎಂದರು ಅಣ್ಣ. ಆ ದನಿ ಕೇಳಿ ನನಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ಗೋಡೆಯ ಆಚೆಯಿಂದ ನಮ್ಮವನು ಕೂಗಿದ: “ಕೇಳಿಸ್ಕೊಂಡಿದ್ದು ಸಾಕು, ಮೂರು ಚಹಾ ಹೇಳು.”

ಅರ್ಧ ಗಂಟೆಯ ಮೇಲೆ ಅಣ್ಣ ಹೊರಬಂದಾಗ ಹತ್ತು ವರ್ಷ ಚಿಕ್ಕವರಾಗಿದ್ದರು.

ಮುಂದಿನ ಭಾನುವಾರದಿಂದ ಅವರು ತಮ್ಮನ ಹಿಂದೆ ನಿಲ್ಲತೊಡಗಿದರು. ಟೀಚರ್ ಭುಜ ಸರಿಮಾಡಿದ್ದರು, ಅಣ್ಣ ಕಾಲಿನ ಉಸ್ತುವಾರಿ ವಹಿಸಿಕೊಂಡರು. ಭುಜ ಎಡಕ್ಕೆ ಬಂದಿದ್ದರೂ ಕಾಲುಗಳು ಇನ್ನೂ ಬಲಗೈಯವನ ಹಾಗೇ ನಿಂತಿದ್ದವು. “ಬಲಗಾಲು ಮುಂದೆ. ಹಕ್ಕಿ ಎಲ್ಲಿ ಒಡೀಬೇಕೋ ಆ ಕಡೆ ನಿನ್ನ ಹೊಕ್ಕುಳ ನೋಡ್ತಿರ್ಲಿ. ಬರೀ ಕೈಯಲ್ಲಿ ಹಕ್ಕೀನ ಅಟ್ಟಿಸ್ಕೊಂಡು ಹೋಗಬೇಡ. ಗಿರಾಕಿ ಕುರ್ಚಿ ತಿರುಗಿಸ್ತೀಯಲ್ಲ, ಹಾಗೆ ಸೊಂಟ ತಿರುಗ್ಲಿ, ಮೇಲಿರೋದೆಲ್ಲ ಅದರ ಜೊತೆ ಬರುತ್ತೆ.” ತಮ್ಮ ಹಾಗೇ ಮಾಡಿದ. ಬಲಕ್ಕೆ ಹಾರಿದ ಹಕ್ಕಿಯೊಂದು ನಡು ಆಕಾಶದಲ್ಲಿ ಹೊಗೆಯಾಯಿತು. ಹನ್ನೊಂದು ವರ್ಷ ತನ್ನನ್ನು ಸತಾಯಿಸಿದ ಹಕ್ಕಿ ಅದೇ ಎಂಬಂತೆ ಅವನು ಅದರ ಪುಡಿ ನೆಲಕ್ಕೆ ಬೀಳುವವರೆಗೂ ನೋಡುತ್ತಾ ನಿಂತ. ಹಿಂದಿನಿಂದ ಅಣ್ಣ ಬೆನ್ನಿಗೊಂದು ಗುದ್ದು ಕೊಟ್ಟರು. ಹದಿಮೂರು, ಹದಿನೈದು, ಹದಿನೇಳು. ಒಂದು ವಾರ ಮತ್ತೆ ಹತ್ತಕ್ಕಿಳಿದು, ಅದರ ಮುಂದಿನ ವಾರ ಹದಿನೆಂಟು.

ವರ್ಷದ ಕೊನೆಗೆ ಕ್ಲಬ್ಬಿನಲ್ಲಿ ಜೋಡಿ ಪಂದ್ಯ. ಒಂಬತ್ತು ಜೋಡಿ. ಅಣ್ಣ ಯಾವಾಗಲೂ ಮೆಕ್ಯಾನಿಕ್ ಗೆಳೆಯನೊಬ್ಬನ ಜೊತೆ ಹೊಡೆಯುತ್ತಿದ್ದವರು. ಆ ವರ್ಷ ಟೀಚರ್ ಬಳಿ ಹೋಗಿ, “ನಾನೂ ಹದಿನಾಲ್ಕೂ,” ಎಂದು ಬರೆಸಿದರು. ನಮ್ಮವನ ಹೆಂಡತಿ, ಮಗಳು, ಅತ್ತಿಗೆ ಮೂವರೂ ಬಂದು ಹಿಂದಿನ ಬೆಂಚಿನ ಮೇಲೆ ಕಿವಿ ಮುಚ್ಚಿಕೊಂಡು ಕೂತರು. ಪ್ರತಿ ಹೊಡೆತಕ್ಕೂ ಹೆಂಡತಿ ಕಣ್ಣನ್ನೂ ಮುಚ್ಚುತ್ತಿದ್ದಳು, ಆಮೇಲೆ “ಒಡೀತಾ?” ಎಂದು ಮಗಳನ್ನು ಕೇಳುತ್ತಿದ್ದಳು.

ಅಣ್ಣ ಇಪ್ಪತ್ತೊಂದು ಹೊಡೆದರು. ತಮ್ಮ ಇಪ್ಪತ್ಮೂರು ಹಕ್ಕಿಗೆ ಇಪ್ಪತ್ತು ಒಡೆದು ನಿಂತಿದ್ದ. ಇನ್ನೆರಡು ಒಡೆದಿದ್ದರೆ ಅಣ್ಣನನ್ನೇ ಮೀರಿಸುತ್ತಿದ್ದ. ಆ ಲೆಕ್ಕ ಅವನ ತಲೆಗೆ ಬಂತು ಎಂದು ಕಾಣುತ್ತದೆ. ಎರಡನ್ನೂ ತಪ್ಪಿಸಿದ.

“ಬೇಕಂತಲೇ ಬಿಟ್ಟೆಯಾ?” ಎಂದು ಅಣ್ಣ ಅನುಮಾನದಿಂದ ಕೇಳಿದರು.

“ಅಷ್ಟು ಒಳ್ಳೆಯವನಲ್ಲ ಅಣ್ಣ ನಾನು. ಗಾಬರೀಲಿ ಮತ್ತೆ ಮಣಿ ನೋಡ್ಬಿಟ್ಟೆ.”

ನಲವತ್ತೊಂದಕ್ಕೆ ಮೂರನೆಯ ಸ್ಥಾನ ಬಂತು. ಬಹುಮಾನ ಒಂದು ಫ್ಲಾಸ್ಕು, ಇಬ್ಬರಿಗೂ ಸೇರಿ ಒಂದೇ. ಅದು ಯಾರ ಮನೆಗೆ ಹೋಗಬೇಕೆಂದು ವಾದ ಶುರುವಾಯಿತು. ಅಣ್ಣ ತಮ್ಮನಿಗೆ ಎಂದರು, ತಮ್ಮ ಅಣ್ಣನಿಗೆ ಎಂದ. ಅತ್ತಿಗೆ ತಮ್ಮ ಅಡುಗೆಮನೆಯಲ್ಲಿ ಜಾಗವಿಲ್ಲ ಎಂದರು, ಹೆಂಡತಿ ತನ್ನ ಮನೆಯಲ್ಲಿ ಆಗಲೇ ಎರಡಿವೆ ಎಂದಳು. ಕೊನೆಗೆ ಅದು ನನ್ನ ಅಂಗಡಿಗೆ ಬಂತು.

ಈಗ ಅವನಿಗೆ ಐವತ್ಮೂರು. ಭಾನುವಾರಗಳಲ್ಲಿ ಹತ್ತೊಂಬತ್ತೋ ಇಪ್ಪತ್ತೋ ಒಡೆಯುತ್ತಾನೆ. ಗಾಳಿ ಜೋರಿದ್ದರೆ ಕಡಿಮೆ. ಎಡಭುಜದ ಮೇಲೆ ಕೋವಿ ಒದ್ದ ಸಣ್ಣ ನೀಲಿ ಗುರುತೊಂದಿರುತ್ತದೆ, ಅದನ್ನು ಗಿರಾಕಿಗಳಿಗೆ ಅಂಗಿ ಸರಿಸಿ ತೋರಿಸುತ್ತಾನೆ. ಅತ್ತಿಗೆಯೇ ದಿನಾ ಮನೆಯಿಂದ ಆ ಫ್ಲಾಸ್ಕಿಗೆ ಚಹಾ ತುಂಬಿ ಕಳಿಸುತ್ತಾರೆ. ಸಂಜೆ ನಾಲ್ಕಕ್ಕೆ ಅಣ್ಣ ಬೀಗದಂಗಡಿಗೆ ಬಾಗಿಲೆಳೆದು ಎರಡು ಬೀದಿ ನಡೆದು ಬರುತ್ತಾರೆ, ತಮ್ಮ ಗಿರಾಕಿಯ ಕುತ್ತಿಗೆಯ ಕೂದಲು ಕೊಡವಿ ಬರುತ್ತಾನೆ. ಮೂವರೂ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು, ಮುಚ್ಚಳದಲ್ಲೊಬ್ಬರು ಲೋಟದಲ್ಲಿಬ್ಬರು, ಬಿಸಿಬಿಸಿ ಚಹಾ ಕುಡಿಯುತ್ತೇವೆ.